ನಾಯಿಗಳ ಲಿಂಫೋಮಾ ಸಂಶೋಧನೆಗೆ ಉಳಿದ ಹಣ: ಎಲ್ಲಿಗೆ ಕೊಟ್ಟರೆ ಉಪಯೋಗ?

ಜಯನಗರದ ಗೋಲ್ಡನ್ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಬಳಗದ ಗೋಲ್ಡನ್ ರಿಟ್ರೀವರ್ ಒಂದಕ್ಕೆ ಕೀಮೋ ಮಾಡಿಸಲು ಎಲ್ಲರೂ ಸೇರಿ ದುಡ್ಡು ಹಾಕಿದ್ದೆವು. ಚಿಕಿತ್ಸೆ ಅರ್ಧಕ್ಕೆ ಬರುವಷ್ಟರಲ್ಲಿ ನಾಯಿ ಹೋಯಿತು. ಈಗ ಮೂರು ಲಕ್ಷದ ಹತ್ತಿರ ಉಳಿದಿದೆ. ಮನೆಯವರು ವಾಪಸ್ ಬೇಡ ಅಂದಿದ್ದಾರೆ. ಇದೇ ಕಾಯಿಲೆಯ ಸಂಶೋಧನೆಗೆ ಹೋಗಲಿ ಅನ್ನೋದು ಅವರ ಆಸೆ. ಎಲ್ಲಿಗೆ ಕೊಡೋಣ ಅಂತ ಕೇಳಲು ಈ ಚರ್ಚೆ ಶುರು ಮಾಡಿದ್ದೇನೆ.

ನನ್ನ ಮನಸ್ಸಿನಲ್ಲಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಹಣ ಹೊಸ ಔಷಧಿ ಹುಡುಕುವ ಕೆಲಸಕ್ಕೆ ಬೇಡ. ಅಲ್ಲಿ ಮೂರು ಲಕ್ಷ ಯಾವ ಮೂಲೆಗೂ ಸಾಲದು. ಕಾಯಿಲೆಯನ್ನು ಸರಿಯಾಗಿ ಗುರುತಿಸುವುದು, ಗಡ್ಡೆಯ ಮಾದರಿ ಜೋಪಾನ ಮಾಡುವುದು, ನಾಯಿ ಬದುಕಿರುವವರೆಗೂ ಅದರ ದಾಖಲೆ ಇಡುವುದು, ಈ ಮೂರಕ್ಕೆ ಹೋಗಲಿ. ಇದಕ್ಕೆ ದಾನ ಕೊಡುವವರು ತೀರಾ ಕಡಿಮೆ. ಆದರೆ ಇದಿಲ್ಲದೆ ಮುಂದಿನ ಯಾವ ಕೆಲಸವೂ ನಡೆಯುವುದಿಲ್ಲ.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. ಲಿಂಫೋಮಾ ಅಂದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್. ನಾಯಿಗಳಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರ್‌ಗಳಲ್ಲಿ ಇದೂ ಒಂದು. ಬಹುತೇಕ ನಾಯಿಗಳಲ್ಲಿ ದವಡೆ ಕೆಳಗೆ, ಭುಜದ ಮುಂದೆ, ಮೊಣಕಾಲಿನ ಹಿಂದೆ ಲಿಂಫ್ ಗ್ರಂಥಿ ಊದಿ ಗಂಟು ಬರುತ್ತದೆ. ಮುಟ್ಟಿದರೆ ನೋಯುವುದಿಲ್ಲ. ನಾಯಿ ಆರಾಮಾಗಿ ಊಟ ಮಾಡಿಕೊಂಡಿರುತ್ತದೆ. ಹಾಗಾಗಿ ನಾವೂ ತಲೆ ಕೆಡಿಸಿಕೊಳ್ಳುವುದಿಲ್ಲ. ಏನೂ ಮಾಡದೆ ಬಿಟ್ಟರೆ ಹೆಚ್ಚಿನವು ಒಂದೆರಡು ತಿಂಗಳೂ ಉಳಿಯುವುದಿಲ್ಲ. ಚಾಪ್ ಎಂಬ ಕೀಮೋ ಕ್ರಮದಲ್ಲಿ ಸೈಕ್ಲೋಫಾಸ್ಫಮೈಡ್, ಡಾಕ್ಸೊರುಬಿಸಿನ್, ವಿನ್‌ಕ್ರಿಸ್ಟಿನ್, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ. ಲಿಂಫೋಸೈಟ್‌ಗಳಲ್ಲಿ ಬಿ ಸೆಲ್, ಟಿ ಸೆಲ್ ಅಂತ ಎರಡು ಮುಖ್ಯ ಜಾತಿ. ಕ್ಯಾನ್ಸರ್ ಬಿ ಸೆಲ್ ಜಾತಿಯದಾದರೆ ಹತ್ತರಲ್ಲಿ ಎಂಟು ನಾಯಿಗಳಿಗೆ ಗಂಟು ಕರಗುತ್ತದೆ, ಸುಮಾರು ಒಂದು ವರ್ಷ ಚೆನ್ನಾಗಿ ಬದುಕುತ್ತವೆ. ಎರಡು ವರ್ಷ ದಾಟುವುದು ಐದರಲ್ಲೊಂದು, ಹೆಚ್ಚೆಂದರೆ ನಾಲ್ಕರಲ್ಲೊಂದು. ಟಿ ಸೆಲ್ ಆದರೆ ಸಾಮಾನ್ಯವಾಗಿ ಇನ್ನೂ ಕಡಿಮೆ. ನಮ್ಮ ನಾಯಿಯದು ಟಿ ಸೆಲ್. ಅದು ಗೊತ್ತಾಗಿದ್ದೇ ತಡವಾಗಿ.

ಚಾಪ್ ಬಂದು ದಶಕಗಳಾದವು. ಇವತ್ತಿಗೂ ಅದೇ ಮುಖ್ಯ ಚಿಕಿತ್ಸೆ. ನನಗೆ ಸಂಕಟ ಆಗುವುದು ಇದಕ್ಕೇ.

ಪಶುವೈದ್ಯೆ, ಬೆಂಗಳೂರು

ಬಹಳ ಒಳ್ಳೆ ವಿಷಯ ಎತ್ತಿದ್ದೀರಿ. ಕ್ಲಿನಿಕ್‌ನಲ್ಲಿ ದಿನಾ ನೋಡುವುದನ್ನು ಹೇಳುತ್ತೇನೆ.

ನಮ್ಮಲ್ಲಿ ಗಂಟು ಊದಿಕೊಂಡ ನಾಯಿ ಬಂದರೆ ಮೊದಲು ನೆನಪಾಗುವುದು ಟಿಕ್ ಫೀವರ್. ಅದು ಸರಿಯೇ, ಯಾಕೆಂದರೆ ಉಣ್ಣೆಯಿಂದ ಬರುವ ಎರ್ಲಿಕಿಯಾ ನಮ್ಮ ಊರುಗಳಲ್ಲಿ ಧಾರಾಳವಾಗಿದೆ, ಅದರಲ್ಲೂ ಗಂಟು ಊದುತ್ತದೆ. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಶುರುವಾಗುತ್ತದೆ. ಜೊತೆಗೆ ಒಂದು ಸ್ಟೀರಾಯ್ಡ್ ಕೂಡ ಸೇರಿಕೊಳ್ಳುತ್ತದೆ. ಸ್ಟೀರಾಯ್ಡ್ ಕೊಟ್ಟರೆ ಲಿಂಫೋಮಾ ಗಂಟೂ ಕೆಲವೇ ದಿನದಲ್ಲಿ ಕುಗ್ಗುತ್ತದೆ! ಮಾಲೀಕರಿಗೆ ಖುಷಿ, ವೈದ್ಯರಿಗೂ ಸಮಾಧಾನ. ಸ್ವಲ್ಪ ದಿನ ಕಳೆದು ಗಂಟು ವಾಪಸ್ ಬರುತ್ತದೆ. ಆಗ ಸೂಜಿ ಹಾಕಿ ನೋಡಿದರೆ ಚಿತ್ರ ಮಸುಕಾಗಿರುತ್ತದೆ. ಅಷ್ಟೇ ಅಲ್ಲ, ಮೊದಲೇ ಸ್ಟೀರಾಯ್ಡ್ ತಿಂದ ನಾಯಿಗೆ ಆಮೇಲೆ ಕೀಮೋ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ.

ಸೂಜಿ ಪರೀಕ್ಷೆ ಕಷ್ಟದ್ದೇನೂ ಅಲ್ಲ. ಗಂಟಿಗೆ ಸಣ್ಣ ಸೂಜಿ ಚುಚ್ಚಿ, ಬಂದದ್ದನ್ನು ಗಾಜಿನ ಸ್ಲೈಡ್ ಮೇಲೆ ಹರಡಿ, ಬಣ್ಣ ಹಾಕಿ ನೋಡುವುದು. ಮತ್ತು ಬರಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಅದು "ಲಿಂಫೋಮಾ ಇದೆ" ಅಂತ ಹೇಳುತ್ತದೆ, "ಯಾವ ಜಾತಿಯದು" ಅಂತ ಹೇಳುವುದಿಲ್ಲ. ಬಿ ಸೆಲ್ಲೋ ಟಿ ಸೆಲ್ಲೋ ತಿಳಿಯಲು ಐಎಚ್‌ಸಿ (ಗಂಟಿನ ತುಂಡಿಗೆ ಗುರುತಿನ ಬಣ್ಣ ಹಾಕಿ ನೋಡುವುದು) ಅಥವಾ ಫ್ಲೋ ಸೈಟೊಮೆಟ್ರಿ (ಯಂತ್ರದಲ್ಲಿ ಕಣಗಳನ್ನು ಒಂದೊಂದಾಗಿ ಗುರುತಿಸುವುದು) ಬೇಕು. ಕೀಮೋ ಖರ್ಚೇ ಬೆನ್ನು ಮುರಿಯುವಾಗ ಈ ಪರೀಕ್ಷೆಗೆ ಎಷ್ಟು ಜನ ಒಪ್ಪುತ್ತಾರೆ? ಒಪ್ಪದವರನ್ನು ನಾನು ಬೈಯುವುದಿಲ್ಲ. ಆದರೆ ಹೀಗೆ ಬಿಟ್ಟುಹೋದ ಪ್ರತಿ ನಾಯಿಯ ವಿಷಯವೂ ಸಂಶೋಧನೆಗೆ ಇಲ್ಲವಾಗುತ್ತದೆ. ಲಿಂಫೋಮಾದ ಜಾತಿ ಗೊತ್ತಿಲ್ಲದ ನೂರು ನಾಯಿಗಳ ಫಲಿತಾಂಶದಿಂದ ಕಲಿಯುವುದು ಕಡಿಮೆ.

ಅದಕ್ಕೇ ನಿಮ್ಮ ಮಾತಿಗೆ ನನ್ನ ಓಟು.

ಡೆನ್ವರ್ ಕನ್ನಡಿಗ

ಇಲ್ಲಿ ಕೊಲರಾಡೊದಿಂದ ಬರೆಯುತ್ತಿದ್ದೇನೆ. ನಮ್ಮ ಗೋಲ್ಡನ್ ಹುಡುಗಿ ಮಾರಿಸ್ ಆ್ಯನಿಮಲ್ ಫೌಂಡೇಶನ್‌ನ ಜೀವಮಾನ ಅಧ್ಯಯನದಲ್ಲಿ ಇದ್ದಳು. ಜಯನಗರದವರು ಹೇಳುತ್ತಿರುವ ಕೆಲಸ ದೊಡ್ಡ ಮಟ್ಟದಲ್ಲಿ ನಡೆದರೆ ಹೇಗಿರುತ್ತದೆ ಅನ್ನುವುದಕ್ಕೆ ಇದು ಉದಾಹರಣೆ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆ ಸಂಸ್ಥೆಯನ್ನು 1948ರಲ್ಲಿ ಮಾರ್ಕ್ ಮಾರಿಸ್ ಎಂಬ ಪಶುವೈದ್ಯರು ಶುರು ಮಾಡಿದರು. ಪ್ರಾಣಿಗಳ ಆರೋಗ್ಯ ಸಂಶೋಧನೆಗೆ ದಾನದ ಹಣ ಕೊಡುವುದೇ ಅದರ ಕೆಲಸ. ಗೋಲ್ಡನ್ ಅಧ್ಯಯನಕ್ಕೆ 2012ರಿಂದ 2015ರವರೆಗೆ ಅಮೆರಿಕದಲ್ಲಿ 3,044 ನಾಯಿಗಳನ್ನು ಸೇರಿಸಿಕೊಂಡರು. ಸೇರುವಾಗ ಎಲ್ಲವೂ ಆರು ತಿಂಗಳಿಂದ ಎರಡು ವರ್ಷದೊಳಗಿನ ಆರೋಗ್ಯವಂತ ನಾಯಿಗಳು. ಕಾಯಿಲೆ ಬಂದ ಮೇಲೆ ಹಿಂದಕ್ಕೆ ಹೋಗಿ ಕಾರಣ ಹುಡುಕುವ ಬದಲು, ಚೆನ್ನಾಗಿರುವಾಗಲೇ ಹಿಡಿದು ಸಾಯುವವರೆಗೆ ಜೊತೆಗೆ ಹೋಗುವುದು ಅವರ ಯೋಚನೆ. ಮುಖ್ಯವಾಗಿ ನೋಡಿದ್ದು ನಾಲ್ಕು ಕ್ಯಾನ್ಸರ್: ಲಿಂಫೋಮಾ, ರಕ್ತನಾಳದ ಹೆಮಾಂಜಿಯೋಸಾರ್ಕೋಮಾ, ಮೂಳೆಯ ಆಸ್ಟಿಯೋಸಾರ್ಕೋಮಾ, ಮತ್ತೆ ಉಗ್ರ ಸ್ವರೂಪದ ಮಾಸ್ಟ್ ಸೆಲ್ ಗಡ್ಡೆ.

ನಮ್ಮ ಪಾಲಿನ ಕೆಲಸ ಏನಿತ್ತು ಗೊತ್ತಾ? ಪ್ರತಿ ವರ್ಷ ನಮ್ಮ ಡಾಕ್ಟರ ಹತ್ತಿರ ಹೋಗಬೇಕು. ರಕ್ತ, ಮೂತ್ರ, ಮಲ, ಕೂದಲು, ಉಗುರಿನ ತುಂಡು, ಎಲ್ಲ ಬೇರೆ ಬೇರೆ ಡಬ್ಬಿಗೆ. ಉಗುರು ಕತ್ತರಿಸಿ ಬಿಸಾಡುವ ಹಾಗಿಲ್ಲ, ಅದೂ ಮಾದರಿಯೇ. ಆಮೇಲೆ ಮನೆಯಲ್ಲಿ ಕೂತು ಉದ್ದದ ಪ್ರಶ್ನಾವಳಿ ತುಂಬಬೇಕು. ಏನು ತಿನ್ನುತ್ತಾಳೆ, ಎಲ್ಲಿ ಮಲಗುತ್ತಾಳೆ, ಯಾವ ನೀರು ಕುಡಿಯುತ್ತಾಳೆ, ಹುಲ್ಲಿಗೆ ಯಾವ ಔಷಧಿ ಹೊಡೆಯುತ್ತೀರಿ, ಮನೆಯಲ್ಲಿ ಸಿಗರೇಟು ಸೇದುವವರಿದ್ದಾರಾ. ನನ್ನ ಹೆಂಡತಿ ಅದನ್ನೆಲ್ಲ ಅಡುಗೆಮನೆ ಟೇಬಲ್ ಮೇಲೆ ಹರಡಿಕೊಂಡು ಶ್ರದ್ಧೆಯಿಂದ ತುಂಬುತ್ತಿದ್ದಳು. ಕಿಬ್ಬಲ್ (ನಾಯಿಯ ಒಣ ಆಹಾರ) ಚೀಲದ ಹಿಂದಿನ ಸಣ್ಣ ಅಕ್ಷರ ಓದಿ ಹೆಸರು ಬರೆಯುತ್ತಿದ್ದಳು.

ಈ ಮಾದರಿಗಳು ಈಗ ಫ್ರೀಜರ್‌ನಲ್ಲಿವೆ. ಲಿಂಫೋಮಾ ಬಂದ ನಾಯಿಯ ರಕ್ತ, ಕಾಯಿಲೆಗೆ ಮುಂಚಿನ ವರ್ಷಗಳದ್ದೂ ಇದೆ. ಆಗಲೇ ರಕ್ತದಲ್ಲಿ ಏನಾದರೂ ಸುಳಿವು ಇತ್ತಾ ಅಂತ ಹಿಂದಕ್ಕೆ ಹೋಗಿ ನೋಡಬಹುದು. ಬೇರೆ ಯಾವ ದಾರಿಯಲ್ಲೂ ಇದು ಆಗುವುದಿಲ್ಲ. ಅಧ್ಯಯನ ಶುರುವಾದಾಗ ಯಾರಿಗೂ ಹೊಳೆಯದ ಪ್ರಶ್ನೆಗಳನ್ನೂ ಈಗ ಆ ಮಾದರಿಗಳ ಮುಂದೆ ಇಡಬಹುದು.

ಇದಕ್ಕೆಲ್ಲ ತಗಲಿದ ಖರ್ಚು ಕೋಟ್ಯಂತರ ಡಾಲರ್. ನಾವು ಕೊಟ್ಟದ್ದು ನಮ್ಮ ಸಮಯ ಮಾತ್ರ. ಆದರೆ ಆ ಸಮಯ ಕೊಡುವ ಜನ ಇಲ್ಲದಿದ್ದರೆ ಹಣ ಇದ್ದೂ ಏನೂ ನಡೆಯುತ್ತಿರಲಿಲ್ಲ.

ಬೀದಿಯ ಗೆಳೆಯರು

ಎಲ್ಲರೂ ಬೇಜಾರು ಮಾಡಿಕೊಳ್ಳಬೇಡಿ, ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ. ನಮ್ಮ ಏರಿಯಾದಲ್ಲಿ ಮರಿಗಳು ಪಾರ್ವೋ, ಡಿಸ್ಟೆಂಪರ್ ಬಂದು ಕಣ್ಣೆದುರೇ ಸಾಯುತ್ತವೆ. ಅದಕ್ಕೆ ಲಸಿಕೆ ಇದೆ, ದುಡ್ಡಿಲ್ಲ ಅಷ್ಟೇ. ರೇಬೀಸ್‌ನಿಂದ ಈಗಲೂ ಜನ ಸಾಯುತ್ತಿದ್ದಾರೆ. ಮೂರು ಲಕ್ಷದಲ್ಲಿ ಎಷ್ಟು ನಾಯಿಗಳಿಗೆ ಚುಚ್ಚುಮದ್ದು ಹಾಕಿಸಬಹುದು ಲೆಕ್ಕ ಹಾಕಿ. ಗೊತ್ತಿರುವ ಕಾಯಿಲೆಗೆ ಗೊತ್ತಿರುವ ಮದ್ದು ಕೊಡಲಾಗದೆ ಇರುವಾಗ, ಎಂದೋ ಒಂದು ದಿನ ಸಿಗಬಹುದಾದ ಉತ್ತರಕ್ಕೆ ಹಣ ಹಾಕುವುದು ನನಗೆ ಸರಿ ಕಾಣುತ್ತಿಲ್ಲ.

ಜಯನಗರದ ಗೋಲ್ಡನ್ ಮನೆ

ಅಣ್ಣಾ, ನಿಮ್ಮ ಮಾತಿನಲ್ಲಿ ತೂಕ ಇದೆ. ನೀವು ರಾತ್ರಿ ಹೊತ್ತು ಮರಿಗಳನ್ನು ಎತ್ತಿಕೊಂಡು ಓಡಾಡುವುದು ನಮಗೆಲ್ಲ ಗೊತ್ತು. ಎರಡು ವಿಷಯ ಹೇಳುತ್ತೇನೆ. ಒಂದು, ಈ ಹಣ ಲಿಂಫೋಮಾ ಅಂತ ಹೇಳಿ ಕೂಡಿಸಿದ್ದು. ಕೊಟ್ಟವರನ್ನು ಕೇಳದೆ ಬೇರೆ ಕಡೆ ತಿರುಗಿಸಿದರೆ ಮುಂದೆ ಯಾರೂ ನಂಬಿ ಕೊಡುವುದಿಲ್ಲ. ಎರಡು, ರೇಬೀಸ್ ಸರ್ಕಾರದ ಹೊಣೆಯೂ ಹೌದು. 2030ರೊಳಗೆ ನಾಯಿಯಿಂದ ಬರುವ ರೇಬೀಸ್ ಸಾವು ನಿಲ್ಲಿಸುತ್ತೇವೆ ಅಂತ ಕೇಂದ್ರ ಸರ್ಕಾರ 2021ರಲ್ಲೇ ರಾಷ್ಟ್ರೀಯ ಯೋಜನೆ ಪ್ರಕಟಿಸಿದೆ. ಅದನ್ನು ಕೇಳಿ ಮಾಡಿಸಿಕೊಳ್ಳಬಹುದು, ಕೇಳಲೂಬೇಕು. ನಾಯಿಗಳ ಕ್ಯಾನ್ಸರ್ ವಿಷಯದಲ್ಲಿ ಹಾಗೆ ಕೇಳುವುದಕ್ಕೆ ನಾವೇ ಇರುವುದು. ಪಶು ಸಂಶೋಧನೆಯ ಸರ್ಕಾರಿ ಹಣ ಹೆಚ್ಚಾಗಿ ಹಸು, ಎಮ್ಮೆ, ಕುರಿ, ಕೋಳಿಗೆ ಹೋಗುತ್ತದೆ. ಕಾಲುಬಾಯಿ ರೋಗ, ಚರ್ಮಗಂಟು ರೋಗ ಬಂದರೆ ರೈತನ ಮನೆಯೇ ಕುಸಿಯುತ್ತದೆ, ಹಾಗಾಗಿ ಅದು ನ್ಯಾಯವೇ. ಆದರೆ ಉಳಿದ ಜಾಗ ಯಾರು ತುಂಬಬೇಕು?

ನಿಮ್ಮ ಲಸಿಕೆ ಕೆಲಸಕ್ಕೆ ಬೇರೆಯಾಗಿಯೇ ಕೂಡಿಸೋಣ. ನಾನೂ ಹಾಕುತ್ತೇನೆ.

ಬೀದಿಯ ಗೆಳೆಯರು

ಕೊಟ್ಟವರನ್ನು ಕೇಳದೆ ತಿರುಗಿಸಬಾರದು ಅನ್ನೋದು ಒಪ್ಪಿದೆ ಅಕ್ಕ. ಬೇರೆ ಸಂಗ್ರಹಕ್ಕೆ ನಾನೇ ಒಂದು ಪೋಸ್ಟ್ ಹಾಕುತ್ತೇನೆ. ಲಿಂಫೋಮಾ ದೊಡ್ಡದು ಅನ್ನೋದು ಮಾತ್ರ ಇನ್ನೂ ಒಪ್ಪಿಲ್ಲ.

ಲ್ಯಾಬ್ ಕೋಟು

ಔಷಧಿ ಕಂಪನಿಯ ಸಂಶೋಧನಾ ವಿಭಾಗದಲ್ಲಿ ಕೆಲಸ ಮಾಡಿದವನು ನಾನು. ಹೊಸ ಔಷಧಿಗೆ ಕೊಡಬೇಡಿ ಅಂದಿದ್ದು ಸರಿ. ಯಾಕೆ ಅಂತ ಒಂದು ಕಥೆ ಕೇಳಿ.

ಮನುಷ್ಯರ ಬಿ ಸೆಲ್ ಲಿಂಫೋಮಾದ ದಿಕ್ಕು ಬದಲಿಸಿದ್ದು ರಿಟುಕ್ಸಿಮ್ಯಾಬ್. 1997ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದು ಬಿ ಸೆಲ್ ಮೇಲಿರುವ ಸಿಡಿ20 ಎಂಬ ಪ್ರೋಟೀನಿಗೆ ಅಂಟಿಕೊಳ್ಳುವ ಆ್ಯಂಟಿಬಾಡಿ. ನಾಯಿಗೂ ಅದನ್ನೇ ಕೊಡಬಹುದಲ್ವಾ ಅನ್ನಿಸುತ್ತದೆ. ಆಗುವುದಿಲ್ಲ. ನಾಯಿಯ ಸಿಡಿ20 ಆಕಾರ ಸ್ವಲ್ಪ ಬೇರೆ, ರಿಟುಕ್ಸಿಮ್ಯಾಬ್ ಅಂಟುವುದಿಲ್ಲ. ನಾಯಿಗೇ ಅಂತ ಬೇರೆಯಾಗಿ ತಯಾರಿಸಬೇಕು. ಅರತಾನಾ ಎಂಬ ಕಂಪನಿ ಹಾಗೆ ಮಾಡಿ ಪರವಾನಗಿಯನ್ನೂ ಪಡೆಯಿತು. ಆದರೆ ಆ ಆ್ಯಂಟಿಬಾಡಿ ಗುರಿಗೆ ಅಂದುಕೊಂಡಷ್ಟು ನಿಖರವಾಗಿ ಅಂಟುತ್ತಿಲ್ಲ ಅಂತ 2015ರಲ್ಲಿ ಕಂಪನಿಯೇ ಹೇಳಬೇಕಾಯಿತು. ದೊಡ್ಡ ಬಂಡವಾಳ ಇದ್ದವರಿಗೇ ಹೀಗೆ.

ಹಾಗಂತ ನಿರಾಶೆ ಬೇಡ. ರಬಕ್‌ಫೊಸಾಡಿನ್ ಅಂತ ಒಂದಿದೆ, ಮಾರುಕಟ್ಟೆ ಹೆಸರು ಟನೋವಿಯಾ. ಅದರ ಮೂಲ ಅಣು ಗಿಲಿಯಡ್ ಕಂಪನಿಯದು. ಮೊದಲು ಷರತ್ತಿನ ಅನುಮತಿ, 2021ರಲ್ಲಿ ಪೂರ್ತಿ ಅನುಮತಿ. ನಾಯಿಗಳ ಲಿಂಫೋಮಾಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎಯಿಂದ ಪೂರ್ತಿ ಅನುಮತಿ ಪಡೆದ ಮೊದಲ ಔಷಧಿ ಅದೇ. ಯೋಚನೆ ಮಾಡಿ: ಅಲ್ಲಿಯವರೆಗೆ ಲಿಂಫೋಮಾಗೆ ವೈದ್ಯರು ಕೊಡುತ್ತಿದ್ದ ಕೀಮೋ ಬಹುತೇಕ ಮನುಷ್ಯರ ಔಷಧಿಗಳೇ.

ಇನ್ನೊಂದು ವರ್ಡಿನೆಕ್ಸಾರ್ ಮಾತ್ರೆ. ಅದಕ್ಕೂ 2021ರಲ್ಲಿ ಷರತ್ತಿನ ಅನುಮತಿ ಸಿಕ್ಕಿತು. ಅದರ ಒಡಹುಟ್ಟಿದ ಔಷಧಿ ಸೆಲಿನೆಕ್ಸಾರ್ ಮನುಷ್ಯರ ರಕ್ತದ ಕ್ಯಾನ್ಸರ್‌ಗೆ 2019ರಲ್ಲಿ ಬಂತು. ಲಿಂಫೋಮಾ ಇದ್ದ ಸಾಕುನಾಯಿಗಳಿಗೆ ವರ್ಡಿನೆಕ್ಸಾರ್ ಕೊಟ್ಟು ನೋಡಿದ ವರದಿ 2014ರಲ್ಲೇ ಪ್ರಕಟವಾಗಿತ್ತು. ಅಕಾಲಾಬ್ರುಟಿನಿಬ್ ಎಂಬ ಔಷಧಿಯ ಕಥೆಯೂ ಹಾಗೇ. ಬಿ ಸೆಲ್ ಲಿಂಫೋಮಾ ಇದ್ದ ನಾಯಿಗಳ ಮೇಲಿನ ಫಲಿತಾಂಶ 2016ರಲ್ಲಿ, ಮನುಷ್ಯರಿಗೆ ಅನುಮತಿ 2017ರಲ್ಲಿ. ಸಾಕುನಾಯಿಗಳ ಕ್ಯಾನ್ಸರ್‌ನಿಂದ ಮನುಷ್ಯರಿಗೂ ಕಲಿಯುವ ಕೆಲಸಕ್ಕೇ ಅಂತ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2003ರಲ್ಲಿ ಒಂದು ವಿಭಾಗ ಶುರು ಮಾಡಿದೆ. ನಾಯಿಗೆ ಬರುವ ಲಿಂಫೋಮಾ ತಾನಾಗಿಯೇ ಬರುತ್ತದೆ, ಯಾರೂ ಲ್ಯಾಬಿನಲ್ಲಿ ಬರಿಸಿದ್ದಲ್ಲ. ನಮ್ಮದೇ ಮನೆಯ ಗಾಳಿ ಕುಡಿದು ಬೆಳೆದ ಪ್ರಾಣಿ ಅದು. ಮನುಷ್ಯರಿಗೆ ಹಣ ಕೊಡಿ, ನಾಯಿಗೆ ಯಾಕೆ ಅನ್ನುವವರು ಇದನ್ನು ಗಮನಿಸಬೇಕು.

ಕೃಷ್ಣಾ ತೀರದವ

ಲ್ಯಾಬ್ ಕೋಟು ಸರ್, ಪ್ರಯೋಗ ಅಂದ ತಕ್ಷಣ ನನಗೆ ಹೊಟ್ಟೆ ತೊಳಸುತ್ತದೆ. ನಮ್ಮ ದುಡ್ಡಿನಿಂದ ಪಂಜರದಲ್ಲಿ ನಾಯಿ ಇಟ್ಟು ಹಿಂಸೆ ಮಾಡುವುದಾದರೆ ನಾನು ಒಂದು ರೂಪಾಯಿಯನ್ನೂ ಕೊಡಲ್ಲ.

ಪಶುವೈದ್ಯೆ, ಬೆಂಗಳೂರು

ನಾನೂ ಕೊಡಲ್ಲ. ಇಲ್ಲಿ ಮಾತಾಡುತ್ತಿರುವುದು ಕಾಯಿಲೆ ಬಂದು ಚಿಕಿತ್ಸೆಗೆ ಬಂದ ಮನೆನಾಯಿಗಳ ಬಗ್ಗೆ. ಮಾಲೀಕರು ಬರೆದು ಒಪ್ಪಿಗೆ ಕೊಡಬೇಕು, ಯಾವಾಗ ಬೇಕಾದರೂ ಬೇಡ ಅನ್ನಬಹುದು. ರಾತ್ರಿ ನಾಯಿ ತನ್ನ ಮನೆಯಲ್ಲೇ ಮಲಗುತ್ತದೆ. ನಾವು ಹೇಳುತ್ತಿರುವ ಕೆಲಸದಲ್ಲಂತೂ ಹೇಗೂ ಪರೀಕ್ಷೆಗೆ ತೆಗೆದ ಗಂಟಿನ ಉಳಿದ ತುಂಡನ್ನು ಕಾಪಾಡುವುದಷ್ಟೇ. ನಾಯಿಗೆ ಹೆಚ್ಚುವರಿ ಒಂದು ಸೂಜಿಯೂ ಇಲ್ಲ.

ಕೃಷ್ಣಾ ತೀರದವ

ಹಾಗಾದರೆ ಸರಿ ಡಾಕ್ಟ್ರೇ, ಮನಸ್ಸು ಹಗುರ ಆಯಿತು.

ಬಾಗಲಕೋಟೆ ಬೇಟೆನಾಯಿ

ನನ್ನದೊಂದು ಮಾತು. ಎಲ್ಲರೂ ಗೋಲ್ಡನ್ ಥರದ ವಿದೇಶಿ ತಳಿ ಅಂತಲೇ ಮಾತಾಡುತ್ತಿದ್ದೀರಿ. ನಮ್ಮ ಮುಧೋಳ ನಾಯಿಗೆ ಗಂಟು ಬರಲ್ವಾ? ಊರ ನಾಯಿಗೆ ಬರಲ್ವಾ? ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಮುಧೋಳ ಸಾಕುತ್ತಿದ್ದೇವೆ. ಗಡ್ಡೆ ಬಂದು ಸತ್ತದ್ದನ್ನು ನೋಡಿದ್ದೇನೆ. ಯಾವ ಗಡ್ಡೆ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ, ಹೊಲದಲ್ಲಿ ಹೂತೆವು. ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ತಳಿ ಉಳಿಸುವ ಕೆಲಸ ಅಲ್ಲಿ ನಡೆಯುತ್ತದೆ. ಅಂಥ ಕಡೆಯೂ ಈ ಮಾದರಿ ಕೂಡಿಡುವ ವಿಚಾರ ಮುಟ್ಟಿಸಬೇಕು ಅಂತ ನನ್ನ ಆಸೆ.

ಪಶುವೈದ್ಯೆ, ಬೆಂಗಳೂರು

ಇದು ಬಹಳ ಮುಖ್ಯವಾದ ಮಾತು. ತಳಿ ಅನ್ನುವುದು ಈ ಕಾಯಿಲೆಯಲ್ಲಿ ದೊಡ್ಡ ಸುಳಿವು. ಬಾಕ್ಸರ್‌ಗಳಲ್ಲಿ ಬರುವುದು ಹೆಚ್ಚಾಗಿ ಟಿ ಸೆಲ್. ಕಾಕರ್ ಸ್ಪ್ಯಾನಿಯಲ್‌ಗಳಲ್ಲಿ ಹೆಚ್ಚಾಗಿ ಬಿ ಸೆಲ್. ಗೋಲ್ಡನ್‌ಗಳಲ್ಲಿ ಎರಡೂ ಹೆಚ್ಚುಕಡಿಮೆ ಸಮಸಮ. ಈ ಮೂರು ತಳಿಗಳ ಗಡ್ಡೆಗಳ ಜೀನ್ ಓದಿ ಹೋಲಿಸಿದ ಅಧ್ಯಯನ 2015ರಲ್ಲಿ ಬಂತು. ಅದೇ ವರ್ಷ ಇನ್ನೊಂದು ತಂಡ ಗೋಲ್ಡನ್‌ಗಳ ಐದನೇ ಕ್ರೋಮೋಸೋಮಿನಲ್ಲಿ ಬಿ ಸೆಲ್ ಲಿಂಫೋಮಾ ಮತ್ತು ಹೆಮಾಂಜಿಯೋಸಾರ್ಕೋಮಾ ಎರಡಕ್ಕೂ ನಂಟಿರುವ ಜಾಗಗಳನ್ನು ಗುರುತಿಸಿತು. ಇದೆಲ್ಲ ಸಾಧ್ಯವಾಗಿದ್ದು 2005ರಲ್ಲಿ ಟಾಶಾ ಎಂಬ ಬಾಕ್ಸರ್ ನಾಯಿಯ ಪೂರ್ತಿ ಜೀನೋಮ್ ಪ್ರಕಟವಾದ ಮೇಲೆ.

ನಮ್ಮ ಊರ ನಾಯಿಗಳು ಯಾರೂ ಜೋಡಿ ಹಾಕಿ ಬೆಳೆಸಿದವಲ್ಲ. ಅವುಗಳ ಜೀನ್‌ಗಳಲ್ಲಿ ವೈವಿಧ್ಯ ಜಾಸ್ತಿ. ಅವುಗಳಲ್ಲಿ ಲಿಂಫೋಮಾ ಬಂದಾಗ ಅದು ಯಾವ ಜಾತಿಯದು ಅನ್ನುವುದು ಪ್ರಪಂಚಕ್ಕೇ ಬೇಕಾದ ಮಾಹಿತಿ. ಅದನ್ನು ಕೊಡಬಲ್ಲವರು ನಾವೇ.

ಲೆಕ್ಕದ ಮೇಷ್ಟ್ರು

ಹಣದ ದಾರಿಯ ಬಗ್ಗೆ ಹೇಳುತ್ತೇನೆ. ವಿದೇಶಿ ಸಂಸ್ಥೆಗೆ ದಾನ ಕಳಿಸಲು ಅಡ್ಡಿ ಇಲ್ಲ, ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ (ವಿದೇಶಕ್ಕೆ ಹಣ ಕಳಿಸುವ ಯೋಜನೆ) ಮಿತಿಯೊಳಗೆ ಒಬ್ಬ ವ್ಯಕ್ತಿ ಕಳಿಸಬಹುದು. ಆದರೆ ಅದಕ್ಕೆ 80ಜಿ ಅಂತ ಕರೆಯುವ, ದಾನಕ್ಕೆ ಸಿಗುವ ಆದಾಯ ತೆರಿಗೆ ರಿಯಾಯಿತಿ ಸಿಗಲ್ಲ. ಇಲ್ಲಿ 80ಜಿ ನೋಂದಣಿ ಇರುವ ಸಂಸ್ಥೆಗೆ ಕೊಟ್ಟರೆ ಸಿಗುತ್ತದೆ, ಅದೂ ಹಳೆ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ಯಾರದೋ ಒಬ್ಬರ ಖಾತೆಯಿಂದ ಮೂರು ಲಕ್ಷ ಹೋದರೆ ರಸೀದಿ ಅವರ ಹೆಸರಿಗೆ ಬರುತ್ತದೆ. ಹಾಗಾಗಿ ಮೊದಲೇ ಎಲ್ಲರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ.

ಕಂಪನಿಗಳಲ್ಲಿ ಕೆಲಸ ಮಾಡುವವರು ಇನ್ನೊಂದು ಗಮನಿಸಿ. ಸಿಎಸ್‌ಆರ್ (ಕಂಪನಿಗಳು ಸಮಾಜಕ್ಕಾಗಿ ಮಾಡಬೇಕಾದ ಖರ್ಚಿನ ನಿಯಮ) ಅನ್ವಯವಾಗುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟು ಖರ್ಚು ಮಾಡಬೇಕು. ಕಂಪನಿ ಕಾಯ್ದೆಯ ಏಳನೇ ಪರಿಶಿಷ್ಟದಲ್ಲಿ ಪ್ರಾಣಿ ಕ್ಷೇಮವೂ ಇದೆ, ಸಾರ್ವಜನಿಕ ವಿಶ್ವವಿದ್ಯಾಲಯಗಳ ವಿಜ್ಞಾನ ಸಂಶೋಧನೆಯೂ ಇದೆ. ನಮ್ಮ ಮೂರು ಲಕ್ಷ ಬೀಜದ ಹಣ ಆಗಬಹುದು. ಒಂದು ವರ್ಷ ಕೆಲಸ ನಡೆದ ದಾಖಲೆ ತೋರಿಸಿದರೆ ಕಂಪನಿಯ ಬಾಗಿಲು ತಟ್ಟುವುದು ಸುಲಭ. ಬರಿಗೈಲಿ ಹೋದರೆ "ನೋಡೋಣ" ಅಂತಾರೆ.

ಮುಖ್ಯವಾಗಿ, ಹಣವನ್ನು "ಸಂಶೋಧನೆಗೆ" ಅಂತ ಸುಮ್ನೆ ಕೊಡಬೇಡಿ. ಯಾವ ಕೆಲಸಕ್ಕೆ, ಎಷ್ಟು ನಾಯಿಗೆ, ಯಾವಾಗ ಲೆಕ್ಕ ಕೊಡುತ್ತಾರೆ, ಇಷ್ಟೂ ಪತ್ರದಲ್ಲಿ ಇರಲಿ.

ಮೈಸೂರು ಲ್ಯಾಬ್ ಅಮ್ಮ

ಚರ್ಚೆ ಮಧ್ಯೆ ಬಂದೆ, ಕ್ಷಮಿಸಿ. ನಮ್ಮ ಲ್ಯಾಬ್ರಡಾರ್‌ಗೆ ದವಡೆ ಕೆಳಗೆ ಎರಡೂ ಕಡೆ ನಿಂಬೆಹಣ್ಣಿನಷ್ಟು ಗಂಟು. ಇವತ್ತು ಟಿಕ್ ಫೀವರ್ ಇರಬಹುದು ಅಂತ ಮಾತ್ರೆ ಬರೆದಿದ್ದಾರೆ. ಚೀಟಿಯಲ್ಲಿ ಪ್ರೆಡ್ನಿಸೊಲೋನ್ ಇದೆ. ಮೇಲೆ ಓದಿ ಭಯ ಆಯಿತು. ಏನು ಮಾಡಲಿ?

ಪಶುವೈದ್ಯೆ, ಬೆಂಗಳೂರು

ಮೇಡಂ, ಗಾಬರಿ ಬೇಡ. ಟಿಕ್ ಫೀವರ್ ಆಗಿರುವ ಸಾಧ್ಯತೆಯೂ ನಿಜಕ್ಕೂ ಇದೆ. ಪ್ರೆಡ್ನಿಸೊಲೋನ್ ಶುರು ಮಾಡುವ ಮುಂಚೆ ಆ ವೈದ್ಯರಿಗೇ ಫೋನ್ ಮಾಡಿ, "ಮೊದಲು ಗಂಟಿನ ಸೂಜಿ ಪರೀಕ್ಷೆ ಮಾಡಬಹುದಾ?" ಅಂತ ಕೇಳಿ. ದವಡೆಯದಕ್ಕಿಂತ ಮೊಣಕಾಲ ಹಿಂದಿನ ಗಂಟು ಸಿಕ್ಕಿದರೆ ಒಳ್ಳೆಯದು, ಹಲ್ಲಿನ ಸೋಂಕಿಂದ ದವಡೆ ಗಂಟು ಸುಮ್ನೆ ಊದುವುದೂ ಉಂಟು. ಒಂದು ವೇಳೆ ಈಗಾಗಲೇ ಸ್ಟೀರಾಯ್ಡ್ ತಿನ್ನಿಸಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಕೇಳಿ ಮಾಡಿ. ಉಸಿರಾಟಕ್ಕೆ ಕಷ್ಟ ಆದರೆ, ನೀರು ವಿಪರೀತ ಕುಡಿಯಲು ಶುರು ಮಾಡಿದರೆ ಕಾಯಬೇಡಿ, ತಕ್ಷಣ ಕರೆದೊಯ್ಯಿರಿ.

ಮೈಸೂರು ಲ್ಯಾಬ್ ಅಮ್ಮ

ಇನ್ನೂ ಕೊಟ್ಟಿಲ್ಲ. ಬೆಳಗ್ಗೆಯೇ ಫೋನ್ ಮಾಡುತ್ತೇನೆ. ತುಂಬಾ ಉಪಕಾರ ಆಯಿತು ಡಾಕ್ಟ್ರೇ.

ಜಯನಗರದ ಗೋಲ್ಡನ್ ಮನೆ

ಮೈಸೂರಿನ ಅಮ್ಮನ ಪ್ರಶ್ನೆ ನೋಡಿದ ಮೇಲೆ ನನಗೆ ಇನ್ನೂ ಗಟ್ಟಿಯಾಯಿತು. ಸೂಜಿ ಪರೀಕ್ಷೆ, ಜಾತಿ ಗುರುತು, ಇವು ನಾಯಿಗೂ ಬೇಕು, ಸಂಶೋಧನೆಗೂ ಬೇಕು. ಒಂದೇ ರೂಪಾಯಿ ಎರಡು ಕಡೆ ಕೆಲಸ ಮಾಡುವ ಜಾಗ ಇದು.

ಎಲ್ಲರ ಮಾತು ಸೇರಿಸಿ ನನ್ನ ಪ್ರಸ್ತಾಪ ಹೀಗಿದೆ. ಪೂರ್ತಿ ಹಣ ರಾಜ್ಯದ ಒಂದು ಸಾರ್ವಜನಿಕ ಪಶುವೈದ್ಯಕೀಯ ಕಾಲೇಜಿನ ಪೆಥಾಲಜಿ ವಿಭಾಗಕ್ಕೆ, ಬರಹದ ಒಪ್ಪಂದದ ಮೇಲೆ. ಲಿಂಫೋಮಾ ಅಂತ ಗೊತ್ತಾದ ನಾಯಿಗೆ ಬಿ ಅಥವಾ ಟಿ ಅಂತ ನೋಡುವ ಪರೀಕ್ಷೆ ಮಾಲೀಕರಿಗೆ ಉಚಿತ. ಬದಲಿಗೆ ಮಾಲೀಕರು ಮಾದರಿ ಕಾಪಾಡಲು ಒಪ್ಪಬೇಕು, ನಾಯಿ ಹೇಗಿದೆ ಅಂತ ಮೂರು ತಿಂಗಳಿಗೊಮ್ಮೆ ಒಂದು ಫೋನಿಗೆ ಉತ್ತರ ಕೊಡಬೇಕು. ಊರ ನಾಯಿ, ಮುಧೋಳ, ರಾಂಪುರ, ರಾಜಪಾಳಯಂ ನಾಯಿಗಳಿಗೆ ಆದ್ಯತೆ. ಡೆನ್ವರ್ ಸರ್, ನಿಮಗೆ ಬರುತ್ತಿದ್ದ ಪ್ರಶ್ನಾವಳಿಯಲ್ಲಿ ಏನೇನು ಕೇಳುತ್ತಿದ್ದರು ಅನ್ನುವುದನ್ನು ಬರೆದು ಕಳಿಸುತ್ತೀರಾ? ನಮ್ಮ ಮನೆಗಳಿಗೆ ಹೊಂದುವ ಹಾಗೆ ಚಿಕ್ಕದೊಂದು ಮಾಡೋಣ. ಹುಲ್ಲಿನ ಔಷಧಿ ಬದಲು ಸೊಳ್ಳೆ ಬತ್ತಿ, ಉಣ್ಣೆಗೆ ಹಾಕುವ ಪುಡಿ, ಕಸ ಸುಡುವ ಹೊಗೆ, ಇಂಥದ್ದನ್ನು ಕೇಳಬೇಕು.

ಇನ್ನೊಂದು ಕಷ್ಟದ ಮಾತು. ನಾಯಿ ಹೋದ ಮೇಲೆ ಮರಣೋತ್ತರ ಪರೀಕ್ಷೆಗೆ ಒಪ್ಪುವವರು ವಿರಳ. ನಮ್ಮ ಬಳಗದ ಆ ಮನೆಯವರನ್ನು ಕೇಳಲು ನನಗೂ ಬಾಯಿ ಬರಲಿಲ್ಲ. ಅವರೇ ಮುಂದೆ ಬಂದು "ಮಾಡಿಸಿ" ಅಂದರು. ಎಲ್ಲರಿಗೂ ಆಗುವುದಲ್ಲ ಇದು, ಒತ್ತಾಯವೂ ಬೇಡ. ಆದರೆ ಫಾರಂನಲ್ಲಿ ಆ ಪ್ರಶ್ನೆ ಇರಲಿ.

ಡೆನ್ವರ್ ಕನ್ನಡಿಗ

ಖಂಡಿತ. ಹೆಂಡತಿ ಪ್ರತಿ ವರ್ಷದ್ದೂ ಫೈಲ್ ಮಾಡಿ ಇಟ್ಟಿದ್ದಾಳೆ. ಈ ವಾರಾಂತ್ಯ ಇಬ್ಬರೂ ಕೂತು ಕನ್ನಡದಲ್ಲಿ ಪಟ್ಟಿ ಮಾಡಿ ಕಳಿಸುತ್ತೇವೆ. ಮರಣೋತ್ತರ ಪ್ರಶ್ನೆಯನ್ನು ನಾಯಿ ಹುಷಾರಾಗಿರುವಾಗಲೇ ಕೇಳಿ, ಕೊನೆ ದಿನ ಕೇಳಬೇಡಿ. ನಮ್ಮನ್ನು ಹಾಗೇ ಮೊದಲೇ ಕೇಳಿದ್ದರು, ಅದರಿಂದ ಬಹಳ ಅನುಕೂಲ ಆಯಿತು.

ಬಾಗಲಕೋಟೆ ಬೇಟೆನಾಯಿ

ನಮ್ಮ ಕಡೆಯಿಂದ ಮಾದರಿ ಬೆಂಗಳೂರಿಗೆ ಹೇಗೆ ಬರಬೇಕು? ರಾತ್ರಿ ಬಸ್ಸಿನಲ್ಲಿ ಕಳಿಸಿದರೆ ಕೆಡಲ್ವಾ?

ಪಶುವೈದ್ಯೆ, ಬೆಂಗಳೂರು

ಕೆಡದ ಹಾಗೆ ಕಳಿಸಬಹುದು. ಸ್ಲೈಡ್ ಆದರೆ ಗಾಳಿಯಲ್ಲಿ ಒಣಗಿಸಿ ಸ್ಲೈಡ್ ಡಬ್ಬಿಯಲ್ಲಿಡಿ. ಫ್ರಿಜ್ ಬೇಡ. ಫಾರ್ಮಲಿನ್ (ಗಂಟಿನ ತುಂಡು ಕೆಡದಂತೆ ಇಡುವ ದ್ರವ) ಬಾಟಲಿ ಪಕ್ಕದಲ್ಲಂತೂ ಇಡಲೇಬೇಡಿ, ಅದರ ಆವಿಯೇ ಸ್ಲೈಡ್ ಕೆಡಿಸುತ್ತದೆ. ಗಂಟಿನ ತುಂಡು ಆದರೆ ಶೇ 10ರ ಫಾರ್ಮಲಿನ್‌ನಲ್ಲಿ, ತುಂಡಿನ ಹತ್ತು ಪಟ್ಟು ದ್ರವ ಇರಬೇಕು. ಅಗಲ ಬಾಯಿಯ ಬಾಟಲಿ ತೆಗೆದುಕೊಳ್ಳಿ. ಗಟ್ಟಿಯಾದ ಮೇಲೆ ಸಣ್ಣ ಬಾಯಿಂದ ಹೊರಗೆ ಬರಲ್ಲ. ಹೆಸರು, ವಯಸ್ಸು, ಗಂಡೋ ಹೆಣ್ಣೋ, ತಳಿ, ಸ್ಟೀರಾಯ್ಡ್ ಕೊಟ್ಟಿದ್ದರೆ ಯಾವ ದಿನದಿಂದ, ಇಷ್ಟನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಅಳಿಸುತ್ತದೆ. ಚೀಟಿ ಬಾಟಲಿಗೆ ಅಂಟಿಸಿ, ಮುಚ್ಚಳಕ್ಕೆ ಅಂಟಿಸಬೇಡಿ, ಮುಚ್ಚಳ ಅದಲು ಬದಲಾಗುತ್ತದೆ. ಕಳಿಸುವ ಹಿಂದಿನ ದಿನ ಇಲ್ಲಿ ಒಂದು ಮೆಸೇಜ್ ಹಾಕಿ, ಬಸ್ ಸ್ಟ್ಯಾಂಡಿನಿಂದ ತರಲು ಯಾರನ್ನಾದರೂ ಹೊಂದಿಸುತ್ತೇನೆ.